ಅಳಿಯಂದಿರ ಸಿನಿಮಾ, ನನ್ನ ಒಂದು ಕಣ್ಣು

ಕಣ್ಣಿನ ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ಒಂದು ಕರಿ ಕನ್ನಡಕ ಕೊಡುತ್ತಾರೆ. ನಿಮ್ಮ ಮನೆಯಲ್ಲೂ ಒಂದು ಇದ್ದೀತು. ಅದನ್ನು ಬಿಸಾಡಲು ಮನಸ್ಸು ಬರುವುದಿಲ್ಲ, ಹಾಕಿಕೊಂಡು ಬೀದಿಗೆ ಹೋಗಲು ಮುಖ ಬರುವುದಿಲ್ಲ. ನನ್ನದು ಮಗ್ಗದ ಪಕ್ಕದ ಗೋಡೆಯ ಗೂಡಿನಲ್ಲಿದೆ. ನಿನ್ನೆ ಅಲ್ಲಿ ಕತ್ತರಿ ಹುಡುಕುವಾಗ ಕೈಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಅಮೆರಿಕ ನೆನಪಾಗಿ ಸಿಟ್ಟು ಬಂತು.

ಅಮೆರಿಕಕ್ಕೆ ನಾನು ಹೋದವಳಲ್ಲ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹೋಗಿದ್ದೆ, ಅಷ್ಟೆ. ಅಮೆರಿಕವೇ ಅಲ್ಲಿಗೆ ಬಂದಿತ್ತು, ನನ್ನ ಅಳಿಯಂದಿರ ಟಿ.ವಿ.ಯೊಳಗೆ, ದಿನಾ ತಿಂಡಿ ಆದ ಮೇಲೆ.

ನನ್ನ ಎಡಗಣ್ಣು ಸಣ್ಣವಳಿದ್ದಾಗಿನಿಂದ ಮಂಜು. ದುಡಿದದ್ದೆಲ್ಲ ಬಲಗಣ್ಣು. ಅದಕ್ಕೂ ಪೊರೆ ಬಂದು ಎರಡು ವರ್ಷವಾಗಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ರೇಷ್ಮೆ ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರರು ಒಂದರ ಹಿಂದೆ ಒಂದು ಮೂರು ಸೀರೆ ಹಿಂದಕ್ಕೆ ಕಳಿಸಿದರು. ಎಳೆ ಬಿಟ್ಟಿದೆಯಂತೆ, ಅಂಚು ಸೀರೆಯ ಒಡಲಿಗೆ ಕೂಡುವಲ್ಲಿ ಸಂದು ಕಾಣುತ್ತದಂತೆ. ಕಣ್ಣು ನನಗಲ್ಲ, ನಿಮಗೆ ಹೋಗಿದೆ ಎಂದು ಅವರ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬೈದು ಬಂದೆ. ಮನೆಗೆ ಬಂದು ಓಬಮ್ಮನನ್ನೂ ಬೈದೆ.

ಓಬಮ್ಮ ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ನಮ್ಮ ಸೀರೆಯ ದೊಡ್ಡ ಅಂಚಿಗೆ ಬೇರೆ ಬಣ್ಣದ ಲಾಳಿ ಬೇಕು. ಅದನ್ನು ಎಸೆಯಲು ಮಗ್ಗದ ಬಲಗಡೆ ಇನ್ನೊಬ್ಬರು ಕೂರಬೇಕು. ಮೂವತ್ತು ವರ್ಷದಿಂದ ಅಲ್ಲಿ ಕೂರುವವಳು ಅವಳು. ಸಂದು ಬಿದ್ದಿದ್ದರೆ ಅವಳ ಕಡೆಯಿಂದಲೇ ಬಿದ್ದಿರಬೇಕು ಎಂದು ನಾನು ತೀರ್ಪು ಕೊಟ್ಟೆ. ಅವಳು “ಆಯ್ತಕ್ಕ” ಅಂದಳು. “ಆಯ್ತಕ್ಕ” ಅನ್ನುವವರ ಜೊತೆ ಜಗಳ ಆಡಿ ನೋಡಿ, ಗೋಡೆಗೆ ಹಣೆ ಚಚ್ಚಿಕೊಂಡ ಹಾಗೆ ಆಗುತ್ತದೆ.

ನಾಲ್ಕನೆಯ ಸೀರೆ ಮಗ್ಗದ ಮೇಲಿದ್ದಾಗ ನಾನು ಉಪ್ಪಿನ ಬದಲು ಸೋಡಾಪುಡಿ ಹಾಕಿ ಸಾರು ಮಾಡಿದೆ. ಗುಟ್ಟು ಅಲ್ಲಿಗೆ ಹೊರಬಿತ್ತು. ಮಗ ನಾಗರಾಜ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಕೆಟ್ಟವನಲ್ಲ, ಮನೆಯಲ್ಲಿ ಅವನ ಸಾಮಾನಿಗೆ ಜಾಗ ಇಲ್ಲ, ಅಷ್ಟೆ. ಅವನು ಆಟೋದಲ್ಲಿ ಟೈಲ್ಸ್ ಪೆಟ್ಟಿಗೆಗಳನ್ನು ತಂದು ಮಗ್ಗದ ಮನೆಯ ಬಾಗಿಲಲ್ಲಿ ಪೇರಿಸಿದ.

“ಅವ್ವಾ, ಆಪರೇಸನ್ ಮಾಡಿಸ್ಕೊಂಡು ಬಾ. ಒಂದು ತಿಂಗ್ಳು ನೋಡಾನ. ಎಳೆ ಕಾಣ್ತು ಅಂದ್ರೆ ನೇಯಿ, ಯಾರು ಬ್ಯಾಡ ಅಂತಾರೆ. ಕಾಣ್ಲಿಲ್ಲ ಅಂದ್ರೆ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸ್ತೀನಿ.”

“ಟೈಲ್ಸ್ ಆಗ್ಲೇ ಬಂದು ಕುಂತಾವಲ್ಲೋ!”

“ಕುಂತ್ರೆ ಕುಂತಿರ್ಲಿ ಬಿಡು. ಅವೇನು ಅನ್ನ ಕೇಳ್ತಾವಾ?”

ಗುಂಡಿ ಅಂದರೆ ನಮ್ಮ ಮಗ್ಗದ ಗುಂಡಿ. ಮಗ್ಗ ನೆಲಕ್ಕೆ ಸಮ ಇರುತ್ತದೆ, ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಣೆ ತುಳಿಯುತ್ತಾರೆ. ನನ್ನ ಕಾಲು ಮನೆಯ ನೆಲದ ಮೇಲೆ ಇದ್ದದ್ದಕ್ಕಿಂತ ಆ ಗುಂಡಿಯೊಳಗೆ ಇದ್ದದ್ದೇ ಹೆಚ್ಚು. ಅದನ್ನು ಮುಚ್ಚಿದರೆ ಕಾಲನ್ನು ಎಲ್ಲಿ ಇಟ್ಟುಕೊಳ್ಳಲಿ?

ಹೀಗೆ ಚಳ್ಳಕೆರೆಗೆ, ಮಗಳು ಲಕ್ಷ್ಮಿಯ ಮನೆಗೆ ಹೋದೆ. ಡಾಕ್ಟರು ಮಾಡುವುದನ್ನು ಮಾಡಿ, ಪಟ್ಟಿ ಬಿಚ್ಚಿ, ಗೋಡೆಯ ಮೇಲಿನ ಅಕ್ಷರ ಓದಿಸಿದರು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಓದಿದೆ. “ಫಸ್ಟ್ ಕ್ಲಾಸ್ ಅಜ್ಜಿ, ಚೆನ್ನಾಗಿ ಕಾಣ್ತಿದೆ” ಅಂದರು. ಅವರ ಅಕ್ಷರ ಒಂದೊಂದೂ ಒಂದೊಂದು ಬದನೆಕಾಯಿಯಷ್ಟಿತ್ತು. ಬದನೆಕಾಯಿ ಕಂಡವಳಿಗೆ ರೇಷ್ಮೆ ಎಳೆ ಕಾಣುತ್ತದೆ ಎಂದು ಯಾವ ಲೆಕ್ಕ? ಒಂದು ತಿಂಗಳು ಒಲೆ ಮುಂದೆ ಹೋಗಬಾರದು, ಬಗ್ಗಬಾರದು, ಮಗ್ಗ ಮುಟ್ಟಬಾರದು ಎಂದರು. ಟಿ.ವಿ. ನೋಡಬಹುದಾ ಎಂದು ಅಳಿಯಂದಿರು ಹಿಂದಿನಿಂದ ಕೇಳಿದರು. ಧಾರಾಳವಾಗಿ ಎಂದುಬಿಟ್ಟರು ಡಾಕ್ಟರು.

ಅಳಿಯಂದಿರು ತಿಪ್ಪೇಸ್ವಾಮಿ ಆಯುಷ್ಯವೆಲ್ಲ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ಹೋದ ವರ್ಷ ರಿಟೈರ್ ಆದವರು. ಬೀಡಿ ಇಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ: ಅಮೆರಿಕದಲ್ಲಿ ತಯಾರಾಗಿ, ಅಮೆರಿಕದವರೇ ನೋಡದೆ ಬಿಟ್ಟ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡುವುದು. ಅದಕ್ಕೊಂದು ದಪ್ಪ ನೋಟ್‌ಬುಕ್ಕು. ಹತ್ತು ಹತ್ತು ವರ್ಷಕ್ಕೆ ಒಂದೊಂದು ಭಾಗ, ಅದರೊಳಗೆ ಕಳ್ಳರದ್ದು, ಭೂತದ್ದು, ದನ ಕಾಯುವವರದ್ದು, ನಗುವಂಥದ್ದು ಎಂದು ಬೇರೆ ಬೇರೆ ಸಾಲು. ಎಲ್ಲರೂ ನೋಡಿದ್ದು ಅವರಿಗೆ ಬೇಡ.

ಇನ್ನೊಂದು ತೊಡಕು ಹೇಳಬೇಕು. ನಮ್ಮ ಕಡೆ ಹಳೆಯವರಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂತು ಮಾತಾಡುವುದಿಲ್ಲ. ಈಗಿನವರು ಆಡುತ್ತಾರೆ, ಅಳಿಯನ ತಟ್ಟೆಯಿಂದಲೇ ಮಿರ್ಚಿ ಎತ್ತಿಕೊಂಡು ತಿನ್ನುತ್ತಾರೆ. ನಾನು ತಿನ್ನಲಾರೆ. ಲಕ್ಷ್ಮಿಯ ಮದುವೆಯಾಗಿ ಮೂವತ್ತೆರಡು ವರ್ಷ, ಅವರೂ ನಾನೂ ಒಂದು ಮಾತು ನೇರ ಆಡಿದವರಲ್ಲ. ಆಡಬೇಕಾದ್ದನ್ನೆಲ್ಲ ಮಗಳಿಗೆ ಹೇಳುವುದು. ಅವಳು ಹತ್ತಿರ ಇಲ್ಲದಿದ್ದರೂ ಅವಳಿಗೇ ಹೇಳುವುದು.

ಹಾಗಾಗಿ ಅಳಿಯಂದಿರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ, ನಾನು ನಡುಮನೆಯ ಬಾಗಿಲ ಪಕ್ಕ ಚಾಪೆಯ ಮೇಲೆ, ತಲೆ ತುಂಬ ಸೆರಗು, ಸೆರಗಿನೊಳಗೆ ಕರಿ ಕನ್ನಡಕ. ಲಕ್ಷ್ಮಿ ಅಡುಗೆಮನೆಯಲ್ಲಿ. ಅಮೆರಿಕವನ್ನು ನಾನು ನೋಡಿದ್ದು ಬಾಗಿಲ ಸಂದಿಯಿಂದ, ಓರೆಯಾಗಿ.

ಮೊದಲ ದಿನವೇ ಕೇಳಿದೆ. “ಲಕ್ಷ್ಮೀ, ಯಾರೂ ನೋಡಿಲ್ಲ ಅಂದ್ರೆ ಏನೋ ಕಾರಣ ಇರಬೇಕಲ್ಲವ್ವ?”

“ಲಕ್ಷ್ಮೀ, ಯಾರೂ ನೋಡಿಲ್ಲ ಅಂತ ಅದು ಕೆಟ್ಟದ್ದು ಅಂತೇನಿಲ್ಲ ಅಂತ ನಿಮ್ಮವ್ವಂಗೆ ಹೇಳು” ಎಂದರು ಅಳಿಯಂದಿರು.

“ಇಬ್ರಿಗೂ ಕಿವಿ ಐತಲ್ಲ, ನನ್ನ ಯಾಕೆ ಸಾಯಿಸ್ತೀರಿ?” ಎಂದು ಒಳಗಿನಿಂದ ಲಕ್ಷ್ಮಿ. ಒಗ್ಗರಣೆ ಚುರ್ ಎಂದಿತು.

ಮೊದಲ ವಾರ ಪೂರ್ತಿ ಕಪ್ಪು ಬಿಳುಪು. ಎಲ್ಲ ಗಂಡಸರ ತಲೆಯ ಮೇಲೂ ಟೋಪಿ, ಮನೆಯೊಳಗೆ ಬಂದರೂ ತೆಗೆಯುವುದಿಲ್ಲ. ಒಬ್ಬ ಸೂಟ್‌ಕೇಸು ಕಳೆದುಕೊಂಡಿದ್ದಾನೆ, ಆರು ಜನ ಹುಡುಕುತ್ತಿದ್ದಾರೆ, ಒಳಗೆ ಏನಿದೆ ಎಂದು ಒಬ್ಬನೂ ಹೇಳುವುದಿಲ್ಲ. ಒಂದು ಹೆಂಗಸು ಬಾಗಿಲಿಗೆ ಒರಗಿ ಹತ್ತು ನಿಮಿಷ ಮಾತಾಡಿತು. ನಾನು ಕಾಯುತ್ತಿದ್ದೆ. ಅಳಿಯಂದಿರು ಕಡೆಗೆ ತರ್ಜುಮೆ ಕೊಟ್ಟರು: “ಆಕೆಗೆ ಬೇಜಾರಾಗಿದೆ ಅಂತ ಹೇಳು.”

“ಅಷ್ಟೊತ್ತು ಮಾತಾಡಿ ಇಷ್ಟೇನಾ ಹೇಳಿದ್ದು?” ಎಂದು ನಾನು ಒಗ್ಗರಣೆಗೆ ಕೇಳಿದೆ.

ಆಮೇಲೆ ಭೂತದ ಸರದಿ. ಕೆರೆಯಿಂದ ಎದ್ದು ಬಂದ ಯಾವುದೋ ಪ್ರಾಣಿ ಊರು ಹಾಳು ಮಾಡುತ್ತಿತ್ತು. ಅದರ ಬೆನ್ನ ಮೇಲೆ ಹೊಲಿಗೆ ಬಿಟ್ಟದ್ದು ನನ್ನಂಥ ಕುರುಡಿಗೂ ಕಂಡಿತು. ಅಷ್ಟು ಜನ ಬಂದೂಕು ಹಿಡಿದು ಓಡುತ್ತಾರಲ್ಲ, ಒಬ್ಬನಾದರೂ ಸೂಜಿ ದಾರ ಹಿಡಿದು ಓಡಬಾರದಾ? ಇನ್ನೊಂದರಲ್ಲಿ ಒಬ್ಬ ಎರಡು ಗಂಟೆ ಕಾರು ಓಡಿಸಿದ, ಎಲ್ಲಿಗೂ ತಲುಪಲಿಲ್ಲ. ನಮ್ಮ ದೇವಸಮುದ್ರದ ಬಸ್ಸಿನವನು ಅಷ್ಟು ಹೊತ್ತು ಓಡಿಸಿದ್ದರೆ ನಾಲ್ಕು ಊರಿನ ಜನ ಮನೆ ಸೇರುತ್ತಿದ್ದರು. ನಗುವ ಸಿನಿಮಾ ಎಂದು ಒಂದು ಹಾಕಿದರು. ಅಳಿಯಂದಿರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ಕೆಮ್ಮಿ, ನೀರು ಕುಡಿದು, “ಅವನಿಗೆ ಪಿಯಾನೊ ಬೇಕಂತೆ ಅಂತ ಹೇಳು” ಎಂದರು. ನಾನು ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ದನ ಕಾಯುವವರದ್ದು ಒಂದು ಮಾತ್ರ ಪರವಾಗಿಲ್ಲ ಅನ್ನಿಸಿತು. ಮೊಳಕಾಲ್ಮೂರಿನ ಬಂಡೆಗಳನ್ನೇ ಹೊತ್ತುಕೊಂಡು ಹೋಗಿ ಅಲ್ಲಿಟ್ಟ ಹಾಗಿತ್ತು. ಒಣಗಿದ ನೆಲ, ಮುಳ್ಳು ಕಂಟಿ, ಬಿಸಿಲು. ಅಳಿಯಂದಿರು ಉಬ್ಬಿ, “ಇಷ್ಟ ಆಯ್ತಾ ಕೇಳು” ಎಂದರು. “ಅಷ್ಟು ದೂರ ಹೋಗಿ ಇದನ್ನೇ ನೋಡೋದಾದ್ರೆ ನಮ್ಮೂರಿಗೇ ಬರಬಹುದಿತ್ತು ಅಂತ ಹೇಳು” ಎಂದೆ.

ಒಟ್ಟಿನಲ್ಲಿ ಅಮೆರಿಕದವರ ಬಗ್ಗೆ ನನಗೆ ತಿಳಿದದ್ದು ಇಷ್ಟು. ಹಾಸಿಗೆಯ ಮೇಲೆ ಬೂಟು ಹಾಕಿಕೊಂಡು ಮಲಗುತ್ತಾರೆ. ಲೋಟದ ತುಂಬ ಕಾಫಿ ಬಗ್ಗಿಸಿಕೊಂಡು, ಒಂದು ಗುಟುಕು ಕುಡಿದು, ಹಾಗೇ ಬಿಟ್ಟು ಎದ್ದು ಹೋಗುತ್ತಾರೆ. ಯಾವ ಕಾಲದ ಸಿನಿಮಾ ಹಾಕಿದರೂ ಇದೊಂದು ಬದಲಾಗಲಿಲ್ಲ. ಬಂದವರನ್ನು ಊಟ ಆಯಿತಾ ಎಂದು ಒಬ್ಬರೂ ಕೇಳುವುದಿಲ್ಲ. ಬಂದವನು ಕೊಲೆ ಮಾಡಲೆಂದೇ ಬಂದಿರಲಿ, ಕೇಳುವುದಕ್ಕೇನು?

ಸಿನಿಮಾ ಎಂದರೆ ನನಗೆ ಮೊದಲಿಂದ ಆಗದು ಎಂದುಕೊಳ್ಳಬೇಡಿ. ಸಣ್ಣವಳಿದ್ದಾಗ ತಿಂಗಳಿಗೊಂದು ನೋಡುತ್ತಿದ್ದೆವು, ಅಮಾವಾಸ್ಯೆಯ ದಿನ. ಲೋಕಕ್ಕೆಲ್ಲ ಭಾನುವಾರ ರಜೆ, ನೇಯುವವರಿಗೆ ಅಮಾವಾಸ್ಯೆ. ಅವತ್ತು ಮಗ್ಗ ಮುಟ್ಟುವುದಿಲ್ಲ. ತಲೆಗೆ ನೀರು ಹಾಕಿಕೊಂಡು, ಉಂಡು, ಸಂಜೆಯ ಆಟಕ್ಕೆ ಸಿನಿಮಾ ಟೆಂಟಿಗೆ ಹೋಗುವುದು. ಒಮ್ಮೆ ತೆಲುಗು, ಒಮ್ಮೆ ಕನ್ನಡ. ನಮ್ಮ ಮನೆಯಲ್ಲಿ ಎರಡೂ ಆಡುತ್ತಿದ್ದರಿಂದ ಯಾವುದು ಯಾವುದೆಂದು ಯಾರೂ ಗಮನಿಸುತ್ತಿರಲಿಲ್ಲ. ಟೆಂಟಿನಲ್ಲಿ ಅರ್ಧ ಜನ ನಮ್ಮವರೇ. ಪರದೆಯ ಮೇಲೆ ನಾಯಕಿ ಗಂಡನ ಕಾಲು ಹಿಡಿದು ಅಳುತ್ತಿದ್ದರೆ ನಮ್ಮ ಅವ್ವ ಪಕ್ಕದವಳಿಗೆ, “ಸೆರಗು ನೋಡು, ಮಿಲ್ಲಿಂದು. ಕೈಮಗ್ಗದ್ದು ಹಂಗೆ ಬೀಳಲ್ಲ” ಅನ್ನುತ್ತಿದ್ದಳು. ಪಕ್ಕದವಳು, “ಅಂಚು ಎಷ್ಟು ಬೆರಳು ಇದ್ದೀತು?” ಅನ್ನುತ್ತಿದ್ದಳು. ಒಮ್ಮೆ ಹಿಂದೆ ಕೂತ ದನದ ವ್ಯಾಪಾರದವನು “ಅಮ್ಮಾ, ಆಯಮ್ಮ ಸಾಯ್ತಾವ್ಳೆ, ಸುಮ್ನೆ ಕುಂದ್ರಿ!” ಎಂದು ಕೂಗಿದರೆ ಅವ್ವ ತಿರುಗಿ, “ಸಾಯ್ಲಿ ಬಿಡಪ್ಪ, ಮುಂದಿನ ಅಮಾಸೆಗೆ ಬ್ಯಾರೆ ಸೀರೆ ಉಟ್ಕೊಂಡು ಬರ್ತಾಳೆ” ಎಂದಿದ್ದಳು. ನಾನು ಸಿನಿಮಾ ನೋಡಲು ಕಲಿತದ್ದು ಹಾಗೆ. ಕಥೆ ಏನಾಯಿತು ಎಂದು ಕೇಳಿದರೆ ಒಂದೂ ನೆನಪಿಲ್ಲ. ಅಂಚುಗಳು ನೆನಪಿವೆ.

ಮೂರನೆಯ ವಾರ ನನಗೆ ತಲೆ ಕೆಟ್ಟುಹೋಗಿತ್ತು. ದಿನಕ್ಕೆರಡು ಸಲ ನಾಗರಾಜನಿಗೆ ಫೋನು ಮಾಡಿಸಿ, ಗುಂಡಿ ಮುಟ್ಟಿದೀಯಾ ಎಂದು ಕೇಳುತ್ತಿದ್ದೆ. ಇಲ್ಲವ್ವಾ ಅನ್ನುತ್ತಿದ್ದ. ಟೈಲ್ಸ್ ಯಾವ ಬಣ್ಣದವು ಎಂದು ಕೇಳಿದ್ದಕ್ಕೆ, ಕೆನೆ ಬಣ್ಣ ಅಂದ. ಕಣ್ಣು ನೆಟ್ಟಗಾಗುತ್ತದೋ ಇಲ್ಲವೋ ಎಂದು ನೋಡಿಕೊಳ್ಳಲು ನನಗೆ ಒಂದು ಎಳೆಯೂ ಕೊಡುತ್ತಿರಲಿಲ್ಲ ಲಕ್ಷ್ಮಿ. ಸೂಜಿ ಮುಟ್ಟಿದರೆ ಕಿತ್ತುಕೊಳ್ಳುತ್ತಿದ್ದಳು.

ಅವತ್ತು ಅಳಿಯಂದಿರು ನೋಟ್‌ಬುಕ್ಕು ತಿರುವಿ, ಗಂಟಲು ಸರಿಮಾಡಿಕೊಂಡು, “ಲಕ್ಷ್ಮೀ, ಇವತ್ತಿಂದು ನಿಮ್ಮವ್ವಂಗೆ ಅಂತಲೇ ಹುಡುಕಿದೀನಿ. ನೇಯೋ ಹೆಂಗಸಿನ ಕಥೆ. ನಾನೇ ಮೂರು ಸಲ ನೋಡಿದೀನಿ” ಎಂದರು. ದನಿಯಲ್ಲಿ ಹಬ್ಬದ ಸಡಗರ. ಪಾಪ ಎಂದುಕೊಂಡು ಚಾಪೆಯನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಂಡೆ.

ಬಣ್ಣದ ಸಿನಿಮಾ. ಗುಡ್ಡದ ಮೇಲೊಂದು ಮರದ ಮನೆ. ಗಂಡ ಸತ್ತ ಹೆಂಗಸು, ಮಾತಿಲ್ಲ ಕತೆಯಿಲ್ಲ, ಮಗ್ಗದ ಮುಂದೆ ಕೂತಿದ್ದಾಳೆ. ಮಗ್ಗ ನಮ್ಮ ಥರ ಗುಂಡಿಯದ್ದಲ್ಲ, ಮಂಚದಷ್ಟು ಎತ್ತರ. ದಾರ ಉಣ್ಣೆಯದ್ದು, ಚಳ್ಳಕೆರೆಯ ಕಂಬಳಿಯ ದಾರದಷ್ಟು ದಪ್ಪ. ಆದರೂ ಮಗ್ಗ ಮಗ್ಗವೇ. ಹಾಸು ಇದೆ, ಹೊಕ್ಕು ಇದೆ, ಲಾಳಿ ಇದೆ. ಹಿಂದೆ ಪಿಟೀಲು ಅಳುತ್ತಿತ್ತು. ಅವಳು ಎಲ್ಲೋ ದೂರ ನೋಡುತ್ತಾ ಲಾಳಿ ಎಸೆದಳು. ಆ ಕಡೆ ಹಿಡಿದು ಮತ್ತೆ ಎಸೆದಳು. ಕಾಲು ನೋಡಿದೆ. ಕಾಲು ಒಂದರ ಮೇಲೊಂದು ಹಾಕಿಕೊಂಡು ಕೂತಿದ್ದಾಳೆ!

ಮಣೆ ತುಳಿಯದೆ ಎಳೆ ಮೇಲೆ ಕೆಳಗೆ ಆಗುವುದಿಲ್ಲ. ಆಗದೆ ಲಾಳಿ ಎಸೆದರೆ ಹೋದ ದಾರ ಹಾಗೇ ವಾಪಸು ಬರುತ್ತದೆ. ಇಡೀ ದಿನ ಎಸೆದರೂ ಒಂದು ಬೆರಳು ಬಟ್ಟೆ ಆಗುವುದಿಲ್ಲ. ಅವಳ ಮುಂದೆ ಮಾತ್ರ ಬಟ್ಟೆ ಬೆಳೆಯುತ್ತಲೇ ಇದೆ. ಅಳಿಯಂದಿರು ಮೆಲ್ಲಗೆ, “ಅವಳ ದುಃಖವೆಲ್ಲ ಬಟ್ಟೆ ಆಗ್ತಾ ಇದೆ ಅಂತ ಹೇಳು” ಎಂದರು.

ಆಗ ಮಗ್ಗವನ್ನು ಹತ್ತಿರದಿಂದ ತೋರಿಸಿದರು. ಎಡಗಡೆಯಿಂದ ಒಂದು ಗೇಣು ಒಳಗೆ ಹಾಸಿನ ಎಳೆಯೊಂದು ಕಡಿದು ಜೋತು ಬಿದ್ದಿತ್ತು. ಅವಳು ನೋಡುತ್ತಲೂ ಇಲ್ಲ.

“ಏ, ನಿಲ್ಸಪ್ಪಾ ಅದನ್ನ!”

ಹಾಗೆ ಕೂಗಿದವಳು ನಾನೇ ಎಂದು ತಿಳಿಯುವಷ್ಟರಲ್ಲಿ ಎದ್ದು ಟಿ.ವಿ.ಯ ಮುಂದೆ ಹೋಗಿಬಿಟ್ಟಿದ್ದೆ. ಸೆರಗು ಎಲ್ಲಿ ಹೋಯಿತೋ. ಹೆಬ್ಬೆರಳು ತೋರುಬೆರಳು ಬಾಯಲ್ಲಿ ಒದ್ದೆ ಮಾಡಿಕೊಂಡು, ಆ ಎಳೆಯ ತುದಿ ಹಿಡಿದು ಹೊಸೆಯಲು ಹೋದೆ. ಕಡಿದ ಎಳೆ ಕಂಡರೆ ನಮ್ಮ ಕೈ ನಮ್ಮನ್ನು ಕೇಳುವುದಿಲ್ಲ. ಬೆರಳಿಗೆ ಗಾಜು ತಣ್ಣಗೆ ತಗುಲಿತು.

ಲಕ್ಷ್ಮಿ ಲಟ್ಟಣಿಗೆ ಹಿಡಿದು ಓಡಿ ಬಂದಳು. “ಅವ್ವಾ! ಟಿ.ವಿ.ಗೆ ಎಂಜಲು ಹಚ್ತೀಯಲ್ಲೇ!”

“ಎಳೆ ಕಡಿದೈತೆ ಕಣೇ! ಇವ್ಳು ಕಾಲ ಮೇಲೆ ಕಾಲು ಹಾಕ್ಕೊಂಡು ಕುಂತವ್ಳೆ! ಯಾವೋಳು ಇವ್ಳು?”

ಅಳಿಯಂದಿರು ಕುರ್ಚಿಯಿಂದ ಎದ್ದು ನಿಂತಿದ್ದರು. ಸಿನಿಮಾ ನಿಂತಿತ್ತು, ಹೆಂಗಸು ಲಾಳಿ ಎತ್ತಿಕೊಂಡು ಹಾಗೇ ನಿಂತುಹೋಗಿದ್ದಳು. ಅವರು ಟಿ.ವಿ.ಯ ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು.

“ಎಲ್ಲಿ ಅತ್ತೆ?”

ನೇರವಾಗಿ ಕೇಳಿದರು, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ.

“ಇಲ್ಲಿ. ಇಕಾ, ಇಲ್ಲಿ ಜೋತು ಬಿದ್ದಿಲ್ವಾ?”

“ಹೌದಲ್ಲ! ಮೂರು ಸಲ ನೋಡಿದೀನಿ, ಕಂಡೇ ಇರಲಿಲ್ಲ” ಎಂದರು. ಆಮೇಲೆ ತಿರುಗಿ, “ಅತ್ತೆ, ನೀವು ಕರಿ ಕನ್ನಡಕ ಹಾಕ್ಕೊಂಡೇ ನೋಡಿದ್ರಿ” ಎಂದರು.

ನಾನು ಕನ್ನಡಕ ತೆಗೆದೆ. ಎಳೆ ಇನ್ನೂ ಅಲ್ಲೇ ಇತ್ತು. ಅದರ ತುದಿ ಎರಡಾಗಿ ಬಿಚ್ಚಿಕೊಂಡದ್ದೂ ಕಂಡಿತು. ಸೆರಗು ಹುಡುಕಿ ತಲೆಗೆ ಹೊದ್ದುಕೊಂಡು ಚಾಪೆಗೆ ಹೋಗಿ ಕೂತೆ. ಅಳಿಯಂದಿರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು, ಟಿ.ವಿ. ಆರಿಸಿ, “ಲಕ್ಷ್ಮೀ, ನಿಮ್ಮವ್ವಂಗೆ ಕಾಫಿ ಕೊಡು” ಎಂದರು. ಕಾಫಿ ಬಂತು. ಪೂರ್ತಿ ಕುಡಿದೆ.

ಉಣ್ಣೆ ಕಂಡರೆ ರೇಷ್ಮೆ ಕಂಡಂತಲ್ಲ ಎಂದು ಮರುದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಹೋಗಿ ನನ್ನ ರೇಷ್ಮೆ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಬೆಳಕಿಗೆ ಹಿಡಿದೆ. ಕಂಡಿತು. ಲಕ್ಷ್ಮಿ ನೋಡಿದಳು, ಈ ಸಲ ಕಿತ್ತುಕೊಳ್ಳಲಿಲ್ಲ. ಡಾಕ್ಟರು ಹೇಳಿದ ತಿಂಗಳು ಮುಗಿಯುವವರೆಗೆ ಇದ್ದು, ಮುಗಿದ ದಿನವೇ ಬಸ್ಸು ಹತ್ತಿದೆ.

ಮನೆಗೆ ಬಂದವಳೇ ಟೈಲ್ಸ್ ಪೆಟ್ಟಿಗೆಗಳನ್ನು ದಾಟಿಕೊಂಡು ಮಗ್ಗದ ಮನೆಗೆ ಹೋದೆ. ಗುಂಡಿ ಇತ್ತು. ಕಾಲು ಇಳಿಬಿಟ್ಟು ಕೂತೆ. ಹಾಸಿನ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದೆ. ಎಳೆ ಒಂದೊಂದೂ ಕಾಣುತ್ತಿತ್ತು. ಗೆದ್ದೆ ಅಂದುಕೊಂಡೆ.

ಆಮೇಲೆ ನೇಯ್ದಿದ್ದ ಬಟ್ಟೆಯ ಕಡೆ ಕಣ್ಣು ಹೋಯಿತು.

ಅದನ್ನು ಏನೆಂದು ಹೇಳಲಿ? ಒಂದು ಕಡೆ ನೇಯ್ಗೆ ಬಿಗಿ, ಇನ್ನೊಂದು ಕಡೆ ಸಡಿಲ. ಒಡಲಿನಲ್ಲಿ ಕಡಿದ ಎಳೆಗಳನ್ನು ಕೂಡಿಸದೆ ಹಾಗೇ ಬಿಟ್ಟು ಮುಂದೆ ಹೋಗಿದ್ದೆ. ಅಂಚು ಕೂಡುವಲ್ಲಿ ಸಂದು. ಓಬಮ್ಮನ ಕಡೆಯಿಂದ ಬಂದ ಎಳೆ ಪ್ರತಿ ಸಲವೂ ಸರಿಯಾದ ಜಾಗಕ್ಕೇ ಬಂದಿತ್ತು. ಅದನ್ನು ಹಿಡಿದು ಕೂಡಿಸದೆ ಬಿಟ್ಟವಳು ನಾನು. ಕಾಲ ಮೇಲೆ ಕಾಲು ಹಾಕಿಕೊಂಡಿದ್ದ ಆ ಅಮೆರಿಕದವಳನ್ನು ಬೈದೆನಲ್ಲ, ಅವಳದ್ದಾದರೂ ಸುಳ್ಳು ಬಟ್ಟೆ. ನನ್ನದು ನಿಜವಾದ ರೇಷ್ಮೆ.

ಕತ್ತರಿ ತೆಗೆದುಕೊಂಡು ಬಿಚ್ಚಲು ಕೂತೆ. ನಾಗರಾಜ ಬಂದು ಬಾಗಿಲಲ್ಲಿ ನಿಂತ. “ಏನವ್ವಾ, ಬಿಚ್ತಾ ಇದೀಯ? ಕಾಣಲ್ವಾ?”

“ಕಾಣ್ತೈತೆ, ಅದಕ್ಕೇ ಬಿಚ್ತಾ ಇದೀನಿ. ನಿನ್ನ ಟೈಲ್ಸ್ ತಗೊಂಡೋಗಿ ಬಚ್ಚಲಿಗೆ ಹಾಕಿಸ್ಕೋ.”

ಅವನು ಒಂದು ಪೆಟ್ಟಿಗೆ ಎತ್ತಿಕೊಂಡು ಹೋದ. ಓಬಮ್ಮನಿಗೆ ಹೇಳಿ ಕಳಿಸಿದೆ. ಅವಳು ಬಂದಳು, ಬಟ್ಟೆ ನೋಡಿದಳು, ನನ್ನ ಕಣ್ಣು ನೋಡಿದಳು.

“ಎಷ್ಟು ಬಿಚ್ಬೇಕಕ್ಕ?”

“ಎರಡು ಮೊಳ.”

“ಯಾರು ಕೆಡಿಸಿದ್ದು?”

ಅವಳಿಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. “ನಾನೇ” ಎಂದೆ.

“ಗಟ್ಟಿಯಾಗಿ ಹೇಳಕ್ಕ, ನನಗೆ ಕಿವಿ ಕೇಳಲ್ಲ.”

“ನಾನೇ ಕಣೇ, ಬಂದು ಕುಂದ್ರು!”

“ಆಯ್ತಕ್ಕ” ಎಂದು ಬಲಗಡೆ ಕೂತಳು.

ಬಿಚ್ಚುವುದು ನೇಯುವುದಕ್ಕಿಂತ ನಿಧಾನ. ರೇಷ್ಮೆಗೆ ಸಿಟ್ಟು ತೋರಿಸುವಂತಿಲ್ಲ. ಒಂದು ಗೇಣು ಬಿಚ್ಚುವಷ್ಟರಲ್ಲಿ ಫೋನು ಬಂತು. ಅಳಿಯಂದಿರ ದನಿ.

“ಲಕ್ಷ್ಮಿ ಎಲ್ಲಿ?” ಎಂದೆ.

“ಗಿರಣಿಗೆ ಹೋಗಿದಾಳೆ.”

ಹೇಳಲು ಗೋಡೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ಕಡೆಗೆ ಅವರೇ, “ಅತ್ತೆ, ಆ ಸಿನಿಮಾ ಅವತ್ತು ಪೂರ್ತಿ ನೋಡಲೇ ಇಲ್ಲ ನೀವು. ಆಮೇಲೆ ಆ ಹೆಂಗಸು ಏನು ಮಾಡ್ತಾಳೆ ಅಂದ್ರೆ...” ಎಂದು ಶುರು ಮಾಡಿದರು.

“ಹೇಳಬ್ಯಾಡ್ರಿ” ಎಂದೆ. “ಅಮಾಸೆಗೆ ಬರ್ತೀನಿ. ಅಲ್ಲೀತನಕ ಅವಳನ್ನ ಹಂಗೇ ನಿಲ್ಸಿರಿ, ಒಂದು ಎಳೆನೂ ಮುಂದಕ್ಕೆ ಹೋಗಬಾರ್ದು. ನಂದು ಇನ್ನೂ ಬಿಚ್ಚೋದು ಐತೆ.”